ತಾತನ ಟ್ರಂಕಿನಲ್ಲಿ ಸಿಕ್ಕ ಹಳೇ ನಾಣ್ಯ, ನೋಟು: ಹರಾಜಿಗೆ ಕೊಡುವ ಮೊದಲು ಏನು ನೋಡಬೇಕು?

ಬೇಲೂರು_ರಸ್ತೆ

ಎಲ್ಲರಿಗೂ ನಮಸ್ಕಾರ. ಹಾಸನದವನು. ನಮ್ಮ ತಾತ ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರ ಟ್ರಂಕು ಈಗ ನಮ್ಮ ಮನೆಗೆ ಬಂದಿದೆ. ಒಳಗೆ ಇರುವುದು ಇಷ್ಟು:

ಒಂದು ಚೀಲ ಬೆಳ್ಳಿ ರೂಪಾಯಿ. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಎಲ್ಲರದೂ ಇದೆ. ತಾಮ್ರದ ಕಾಸುಗಳು, ಕೆಲವದರ ಮೇಲೆ ಆನೆ, ಒಂದೆರಡರಲ್ಲಿ ಕನ್ನಡ ಅಕ್ಷರ ಕಾಣುತ್ತದೆ. ತೂತು ಕಾಸು ಬೇಕಾದಷ್ಟು. ರಾಮ, ಸೀತೆ, ಹನುಮಂತ ಇರುವ ಒಂದು ದೊಡ್ಡ ನಾಣ್ಯ, ಹಿಂದೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇದೆ. ಅಜ್ಜಿಯ ಸರದಿಂದ ಬಿಚ್ಚಿದ ಎರಡು ಪವನು, ಅಂದರೆ ಬ್ರಿಟಿಷರ ಚಿನ್ನದ ನಾಣ್ಯ. ಲೆಕ್ಕದ ಪುಸ್ತಕದ ಹಾಳೆಗಳ ನಡುವೆ ನೋಟುಗಳು: ಒಂದು ರೂಪಾಯಿ, ಎರಡು ರೂಪಾಯಿ, ಜಾರ್ಜ್ ದೊರೆಯ ಹತ್ತು ರೂಪಾಯಿ, ದೋಣಿ ಚಿತ್ರದ ಹತ್ತು ರೂಪಾಯಿ, ಮತ್ತೆ ಹಳೇ 500, 1000.

ಪೇಟೆಯ ಅಂಗಡಿಯೊಬ್ಬರು ಬೆಳ್ಳಿಯನ್ನು ತೂಕಕ್ಕೆ ಹಾಕಿ ಅಂದರು. ಇನ್ನೊಬ್ಬರು ಫೋನ್ ಮಾಡಿ ರಾಮನ ನಾಣ್ಯ ಒಂದಕ್ಕೇ ಹದಿನೆಂಟು ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಫೀಸು ಕಟ್ಟಿ ಅಂತಿದ್ದಾರೆ. ನಾವು ಅಣ್ಣ, ತಂಗಿ ಮೂರು ಜನ. ಪಾಲು ಮಾಡಬೇಕು. ಬೆಂಗಳೂರಿನಲ್ಲಿ ಹರಾಜು ನಡೆಯುತ್ತದಂತೆ, ಅಲ್ಲಿಗೆ ಕೊಡುವುದು ಒಳ್ಳೆಯದಾ? ತೊಳೆದು, ಪಾಲಿಶ್ ಮಾಡಿಸಿ ಫೋಟೋ ಹಾಕಲಾ?

ಮೂಡಿಗೆರೆ_ಮಳೆ

ಮೊದಲು ಎರಡು ಮಾತು. ತೊಳೆಯಬೇಡಿ. ದುಡ್ಡು ಕಟ್ಟಬೇಡಿ.

ಆ ರಾಮನ ನಾಣ್ಯ ನಾಣ್ಯವೇ ಅಲ್ಲ. ಕಂಪನಿಯವರು ಮದ್ರಾಸಿನಲ್ಲಿ ದೇವರ ಮೂರ್ತಿ ಇರುವ ಪಗೋಡ ಅನ್ನುವ ಚಿನ್ನದ ನಾಣ್ಯ ಹೊಡೆಸಿದ್ದು ನಿಜ. ಆದರೆ ರಾಮ ದರ್ಬಾರಿನ ತಾಮ್ರದ ಆಣೆ ಕಂಪನಿಯ ಟಂಕಸಾಲೆಯಿಂದ ಬಂದದ್ದಲ್ಲ. 1616, 1717, 1818 ಅಂತ ಸುಂದರವಾದ ಇಸವಿ ಹಾಕಿ, ಜಾತ್ರೆಗಳಲ್ಲಿ ಮಾರಲಿಕ್ಕೆ ಆಮೇಲೆ ಮಾಡಿದ ಬಿಲ್ಲೆಗಳು ಅವು. ದೇವರ ಮನೆಯಲ್ಲಿ ಇಡಿ, ತಾತನ ನೆನಪು ಅಂತ. ಬೆಲೆ ಕೇಳಬೇಡಿ.

ಈ ಬಿಲ್ಲೆ ಅಕ್ಕಿ ಕಾಳನ್ನು ಎಳೆಯುತ್ತದೆ, ಇರಿಡಿಯಂ ಅನ್ನುವ ದುಬಾರಿ ಲೋಹ ಇದೆ, ವಿದೇಶದ ಕಂಪನಿ ಕೋಟಿ ಕೊಡುತ್ತದೆ ಅಂತ ನಂಬಿಸುವ ರೈಸ್ ಪುಲ್ಲಿಂಗ್ ತಂಡಗಳು ನಮ್ಮ ಕಡೆಯೂ ಓಡಾಡಿವೆ. ತೋಟ ಅಡ ಇಟ್ಟವರಿದ್ದಾರೆ. ಮುಂಗಡ ಕೇಳಿದ ಕ್ಷಣವೇ ಮೋಸ ಅಂತ ತಿಳಿಯಿರಿ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಹೇಳಿದೆ: ಹಳೇ ನಾಣ್ಯ, ನೋಟಿನ ಮಾರಾಟಕ್ಕೂ ಬ್ಯಾಂಕಿಗೂ ಸಂಬಂಧವಿಲ್ಲ, ಅದಕ್ಕೆ ಫೀಸು, ಕಮಿಷನ್, ತೆರಿಗೆ ಅಂತ ನಾವು ಕೇಳುವುದೇ ಇಲ್ಲ, ನಮ್ಮ ಹೆಸರು ಹೇಳಿ ಕೇಳುವವರನ್ನು ನಂಬಬೇಡಿ ಅಂತ. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವೈಷ್ಣೋದೇವಿ ನಾಣ್ಯಕ್ಕೆ ಲಕ್ಷ, 786 ಅಂಕಿಯ ನೋಟಿಗೆ ಲಕ್ಷ ಅನ್ನುವ ವಿಡಿಯೋಗಳದ್ದೂ ಇದೇ ಕಥೆ.

ಬೇಲೂರು_ರಸ್ತೆ

ಸದ್ಯ, ಕಟ್ಟಿಲ್ಲ ಸಾರ್. ನಂಬರ್ ಬ್ಲಾಕ್ ಮಾಡಿದೆ. ಆನೆ ಕಾಸಿನ ಫೋಟೋ ಹಾಕಿದ್ದೇನೆ, ಯಾರಾದರೂ ನೋಡಿ.

ಹಳೇಬೀಡು_ಮೇಷ್ಟ್ರು

ಫೋಟೋ ನೋಡಿದೆ. ತುಂಬ ಖುಷಿಯಾಯಿತು. ನಿಮ್ಮ ಆನೆಗಳು ಎರಡು ಬೇರೆ ಬೇರೆ ಕಾಲದವು.

ಮೊದಲ ಸಾಲಿನ ದಪ್ಪ ಕಾಸುಗಳು ಟಿಪ್ಪು ಕಾಲದ್ದು. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರ. ಆ ಅಕ್ಷರದಲ್ಲಿ ಟಂಕಸಾಲೆಯ ಹೆಸರಿರುತ್ತದೆ. ಪಟನ್ ಅಂದರೆ ಶ್ರೀರಂಗಪಟ್ಟಣ, ನಗರ್ ಅಂದರೆ ಬಿದನೂರು. ಬೆಲೆ ನಿಂತಿರುವುದು ಹೆಚ್ಚಾಗಿ ಈ ಹೆಸರಿನ ಮೇಲೆ. ಶ್ರೀರಂಗಪಟ್ಟಣದ್ದು ಸುಲಭವಾಗಿ ಸಿಗುತ್ತದೆ, ಕೆಲವು ಸಣ್ಣ ಟಂಕಸಾಲೆಗಳದ್ದು ಅಪರೂಪ. ಟಿಪ್ಪು ವರ್ಷ ಎಣಿಸಲು ತನ್ನದೇ ಮೌಲೂದಿ ಶಕೆ ಶುರು ಮಾಡಿದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದವರು ಓದಿದರೆ ಇಸವಿ ತಲೆಕೆಳಗಾಗುತ್ತದೆ. ನಾಣ್ಯಗಳಿಗೆ ಹೆಸರನ್ನೂ ಇಟ್ಟ. ಬೆಳ್ಳಿಯ ರೂಪಾಯಿ ಇಮಾಮಿ, ಎರಡು ರೂಪಾಯಿಯದ್ದು ಹೈದರಿ, ತಾಮ್ರದ ಪೈಸೆ ಜೊಹ್ರಾ. 1792ರಲ್ಲಿ ಸಕಲೇಶಪುರದ ಹತ್ತಿರ ಮಂಜರಾಬಾದಿನ ನಕ್ಷತ್ರ ಕೋಟೆ ಕಟ್ಟಿಸಿದವನೂ ಇವನೇ. ಆ ಕೋಟೆಯ ಕೆಳಗಿನ ಊರುಗಳಲ್ಲೆಲ್ಲ ಓಡಾಡಿದ ಕಾಸು ಇದು.

ಎರಡನೆಯ ಸಾಲಿನದ್ದು ಇನ್ನೂ ನಮ್ಮದು. ಆನೆಯ ಮೇಲೆ ನೋಡಿ, ಶ್ರೀ ಅಂತ ಇದೆ. ಎರಡು ಪಕ್ಕ ಸೂರ್ಯ, ಚಂದ್ರ. ತಿರುಗಿಸಿದರೆ ಕನ್ನಡದಲ್ಲಿ ಮಯಿಲಿ ಕಾಸು, ಜೊತೆಗೆ ಇಂಗ್ಲಿಷಿನಲ್ಲಿ ಮೌಲ್ಯ. ಇವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಆಮೇಲಿನ ಕಾಸುಗಳಲ್ಲಿ ಆನೆ ಹೋಗಿ ಸಿಂಹ ಬರುತ್ತದೆ, ಚಾಮುಂಡಿ ಅನ್ನುವ ಅಕ್ಷರವೂ ಬರುತ್ತದೆ. 1843ರಲ್ಲಿ ಆ ಟಂಕಸಾಲೆ ನಿಂತಿತು. ಆಮೇಲೆ ಮೈಸೂರು ಸೀಮೆ ಸ್ವಂತ ನಾಣ್ಯ ಹೊಡೆಯಲಿಲ್ಲ.

ನಿಮ್ಮ ಫೋಟೋದಲ್ಲಿ ಮೂರನೆಯದು ಒಂದು ಮಾತ್ರ ಹೊಳೆಯುತ್ತಿದೆ. ಯಾರೋ ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ. ಅದರ ಪಕ್ಕದ ಕಾಸು ನೋಡಿ, ಕಂದು ಬಣ್ಣ, ಅಕ್ಷರದ ಸಂದಿನಲ್ಲಿ ಕಪ್ಪು ಕೂತಿದೆ, ಹಾಗಾಗಿ ಮಯಿಲಿಯ ಯಿ ಗುಣಿಸು ಕೂಡ ಓದಬಹುದು. ಉಜ್ಜಿದ್ದರಲ್ಲಿ ಅಕ್ಷರದ ಅಂಚು ಸವೆದು ಹೋಗಿದೆ, ಮೈ ತುಂಬ ಸಣ್ಣ ಗೀರು. ಆ ಕಂದು ಪದರ ಬರಲಿಕ್ಕೆ ನೂರೈವತ್ತು ವರ್ಷ ಹಿಡಿದಿದೆ. ಅದು ಕೊಳೆ ಅಲ್ಲ, ನಾಣ್ಯದ ಚರ್ಮ. ಸಂಗ್ರಾಹಕರು ಮೊದಲು ನೋಡುವುದೇ ಅದನ್ನು. ದಯವಿಟ್ಟು ಹುಣಸೆ, ನಿಂಬೆ, ಪೀತಾಂಬರಿ ಪುಡಿ, ಟೂತ್‌ಪೇಸ್ಟು ಯಾವುದನ್ನೂ ಮುಟ್ಟಿಸಬೇಡಿ.

ಹೊಯ್ಸಳ_ಹುಡುಗ_ಬೆಂಗಳೂರು

ಮೇಷ್ಟ್ರೇ, ನಮಸ್ಕಾರ. ಹೊಯ್ಸಳರ ನಾಣ್ಯದ ಬಗ್ಗೆಯೂ ಒಂದು ಮಾತು ಹೇಳಿ. ನಮ್ಮ ಜಿಲ್ಲೆಯದೇ ರಾಜಧಾನಿ, ಆದರೆ ನಾನು ನೋಡಿದ್ದು ಕೆಟಲಾಗಿನ ಚಿತ್ರದಲ್ಲಿ ಮಾತ್ರ.

ಹಳೇಬೀಡು_ಮೇಷ್ಟ್ರು

ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ಮೇಲೆ ಹೊಡೆಸಿದ ಗದ್ಯಾಣ ಅನ್ನುವ ಚಿನ್ನದ ನಾಣ್ಯ ಇದೆಯಲ್ಲ, ಅದರಲ್ಲಿ ಸಾಲು ಸಾಲಾಗಿ ಕನ್ನಡ: ಶ್ರೀ ತಲಕಾಡುಗೊಂಡ. ಇನ್ನೊಂದು ಬಗೆಯಲ್ಲಿ ಶ್ರೀ ನೊಳಂಬವಾಡಿಗೊಂಡ. ಆ ಕಡೆ ಸಿಂಹ. ಗೆದ್ದ ಸುದ್ದಿಯನ್ನು ಚಿನ್ನದ ಮೇಲೆ ಬರೆದು ಊರೂರಿಗೆ ಕಳಿಸಿದ್ದಾನೆ, ಅದೂ ಕನ್ನಡದಲ್ಲಿ. ತೂಕ ಸುಮಾರು ನಾಲ್ಕು ಗ್ರಾಂ. ಅಪರೂಪ, ಅದಕ್ಕೇ ನಕಲಿಯೂ ಜಾಸ್ತಿ. ಯಾರಾದರೂ ಬಸ್ ಸ್ಟ್ಯಾಂಡಿನಲ್ಲಿ ಹೊಯ್ಸಳ ಚಿನ್ನ ಅಂತ ತೋರಿಸಿದರೆ ಮುಂದೆ ನಡೆಯಿರಿ.

ಅರಸೀಕೆರೆ_ತೆಂಗು

ನಕಲಿ ಬಿಡಿ. ಜಮೀನಿನಲ್ಲಿ ಜೆಸಿಬಿ ಹೊಡೆಸುವಾಗ ಮಡಕೆ ಸಿಕ್ಕಿದರೆ? ಸರ್ಕಾರಕ್ಕೆ ಹೇಳಿದರೆ ಎಲ್ಲ ಹೋಯಿತು ಅಂತ ಜನ ಸುಮ್ನೆ ಹಂಚಿಕೊಂಡು ಅಕ್ಕಸಾಲಿಗರ ಹತ್ತಿರ ಕರಗಿಸುತ್ತಾರೆ. ಅವರದ್ದೂ ತಪ್ಪು ಅನ್ನಲಿಕ್ಕೆ ಆಗುತ್ತದಾ?

ಹಳೇಬೀಡು_ಮೇಷ್ಟ್ರು

ಆಗುತ್ತದೆ. ನೆಲದಲ್ಲಿ ಸಿಕ್ಕ ನಿಧಿಗೆ ಕಾನೂನು ಇದೆ. 1878ರ ಕೇಂದ್ರದ ಕಾಯ್ದೆ, ನಮ್ಮಲ್ಲಿ 1962ರ ಕರ್ನಾಟಕದ ನಿಧಿ ಕಾಯ್ದೆ. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟರೆ ಅಪರಾಧ. ಅದಕ್ಕಿಂತ ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಮಡಕೆಯಲ್ಲಿ ಒಂದೇ ಕಡೆ ಸಿಕ್ಕ ನಾಣ್ಯಗಳು ಒಟ್ಟಿಗೆ ಇದ್ದರೆ, ಆ ಊರಿಗೆ ಯಾವ ರಾಜ್ಯದ ಹಣ ಬರುತ್ತಿತ್ತು, ಯಾವಾಗ ಹೂಳಿದರು ಅಂತ ಗೊತ್ತಾಗುತ್ತದೆ. ಕರಗಿಸಿದ ಮೇಲೆ ಬರೀ ತೂಕ ಉಳಿಯುತ್ತದೆ. ಹಳ್ಳಿಯ ಚರಿತ್ರೆ ಬರೆಯಲಿಕ್ಕೆ ಶಾಸನ ಎಲ್ಲ ಕಡೆ ಇರುವುದಿಲ್ಲ.

ಮನೆಯ ಟ್ರಂಕಿನ ವಿಷಯ ಬೇರೆ. ಅದು ನಿಧಿ ಅಲ್ಲ, ಮನೆತನದ ಆಸ್ತಿ. ಹೆದರಬೇಕಾಗಿಲ್ಲ.

ಬೇಲೂರು_ರಸ್ತೆ

ಬೆಳ್ಳಿ ರೂಪಾಯಿ ತೂಕಕ್ಕೆ ಕೊಡಬಹುದಾ ಸಾರ್? ಅಂಗಡಿಯವರು ಇಂದೇ ಬನ್ನಿ ಅಂತಿದ್ದಾರೆ.

ಮೂಡಿಗೆರೆ_ಮಳೆ

ಬೇಡ, ಒಂದೊಂದನ್ನೂ ನೋಡದೆ ಕೊಡಬೇಡಿ. ಎಲ್ಲದಕ್ಕೂ ಹೆಚ್ಚು ಬೆಲೆ ಬರುತ್ತದೆ ಅಂತ ಹೇಳುತ್ತಿಲ್ಲ. ಸವೆದ ಸಾಮಾನ್ಯ ಇಸವಿಯದ್ದು ಬೆಳ್ಳಿ ಬೆಲೆಯ ಆಸುಪಾಸೇ ಇರುತ್ತದೆ. ಆದರೆ ಚೀಲದೊಳಗೆ ಒಂದೆರಡು ಬೇರೆ ಥರದ್ದು ಇರಬಹುದು.

ಅಸಲಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಸವೆದಿದ್ದರೆ ಸ್ವಲ್ಪ ಕಡಿಮೆ. ಬೆಳ್ಳಿ ನೂರಕ್ಕೆ 91.7. ಇದು 1939ರವರೆಗಿನ ಲೆಕ್ಕ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ನಿಕ್ಕಲ್. ಒಟ್ಟಿಗೆ ತೂಗಿ ಒಂದೇ ದರ ಹೇಳುವವರು ಇದನ್ನು ನೋಡುವುದಿಲ್ಲ, ಅಥವಾ ನೋಡಿಯೂ ಹೇಳುವುದಿಲ್ಲ.

ವಿಕ್ಟೋರಿಯಾದಲ್ಲಿ ಕ್ವೀನ್ ಅಂತ ಇದೆಯಾ, ಎಂಪ್ರೆಸ್ ಅಂತ ಇದೆಯಾ ನೋಡಿ. 1877ರಿಂದ ಎಂಪ್ರೆಸ್. 1862 ಅಂತ ಇರುವುದನ್ನು ಭೂತಗನ್ನಡಿಯಲ್ಲಿ ನೋಡಿ. ಆಮೇಲೆ ಎಷ್ಟೋ ವರ್ಷ ಅದೇ ಇಸವಿಯನ್ನು ಮುಂದುವರಿಸಿ, ಚುಕ್ಕಿಗಳಿಂದ ಗುರುತು ಮಾಡಿದ್ದಾರೆ. ಚುಕ್ಕಿ ಎಲ್ಲಿ, ಎಷ್ಟು ಅನ್ನುವುದರ ಮೇಲೆ ಬೆಲೆ ಬದಲಾಗುತ್ತದೆ.

1911ರದ್ದು ಇದೆಯಾ? 1939ರದ್ದು ಇದೆಯಾ? 1939 ಅಪರೂಪ, ಆದರೆ 1938ರ ಅಂಕಿ ತಿದ್ದಿ ಮಾಡಿದವೂ ಇವೆ. ಹುಷಾರು.

ಬೇಲೂರು_ರಸ್ತೆ

1939 ಇಲ್ಲ. 1911 ಒಂದು ಇದೆ! ಅದರಲ್ಲಿ ಏನು ವಿಶೇಷ?

ಮೂಡಿಗೆರೆ_ಮಳೆ

ಹಾಗಿದ್ದರೆ ಆ ಒಂದನ್ನು ಬೇರೆ ಎತ್ತಿಡಿ. ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ.

ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲಿನ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಸೊಂಡಿಲು, ಕಾಲು ಗಿಡ್ಡ ಆಗಿ ಹಂದಿ ಥರ ಕಂಡಿತು. ಜನ ಸಿಟ್ಟಾದರು, ಮುಸ್ಲಿಮರು ಮುಟ್ಟಲು ಒಪ್ಪಲಿಲ್ಲ. ಸರ್ಕಾರ ವಿತರಣೆ ನಿಲ್ಲಿಸಿ ಉಳಿದದ್ದನ್ನು ಕರಗಿಸಿತು. 1912ರಲ್ಲಿ ಆನೆ ತಿದ್ದಿ ಹೊಸ ಅಚ್ಚು ಮಾಡಿದರು. ನಿಮ್ಮ ಚೀಲದಲ್ಲೇ 1912ರ ಮೇಲಿನದ್ದು ಇರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಭೂತಗನ್ನಡಿಯಲ್ಲಿ ಎದೆಯ ಕೆಳಗೆ, ಬಲಗಡೆ ನೋಡಿ. ಕಣ್ಣಿಗೇ ಗೊತ್ತಾಗುತ್ತದೆ.

ಬೇಲೂರು_ರಸ್ತೆ

ನೋಡಿದೆ ಸಾರ್. ನಿಜ! ತಂಗಿಗೂ ತೋರಿಸಿದೆ. ಅಂಗಡಿಯವರು ಇದನ್ನೂ ಸೇರಿಸಿಯೇ ತೂಗಲಿಕ್ಕೆ ಇಟ್ಟಿದ್ದರು.

ತೋಟದಕ್ಕ_ಸಕಲೇಶಪುರ

ತಮ್ಮಾ, ನೀವು ಹಾಸನದಲ್ಲಿ ಇದ್ದೀರಿ, ಪರವಾಗಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ನೋಟು ಎಷ್ಟು ದಿನ ಉಳಿಯುತ್ತದೆ ಹೇಳಿ. ಮಲೆನಾಡಿನಲ್ಲಿ ಹಳೇ ಕಾಗದ ಹಾಳಾಗುವುದು ಇಲಿ, ಗೆದ್ದಲಿಗಿಂತ ಜಾಸ್ತಿ ತೇವದಿಂದ.

ಮೆತ್ತನೆಯ ಪ್ಲಾಸ್ಟಿಕ್ ಆಲ್ಬಂ ಬೇಡ. ಮೂಸಿದರೆ ಹೊಸ ರೇನ್‌ಕೋಟಿನ ವಾಸನೆ ಬರುತ್ತದಲ್ಲ, ಅದು ಪಿವಿಸಿ. ಕೆಲವೇ ವರ್ಷದಲ್ಲಿ ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ, ನೋಟಿನ ಶಾಯಿ ಪ್ಲಾಸ್ಟಿಕ್ಕಿಗೆ ಹತ್ತುತ್ತದೆ. ಮೈಲಾರ್ ಹಾಳೆಯ ಲಕೋಟೆ ಸಿಗುತ್ತವೆ, ಗಟ್ಟಿ, ವಾಸನೆ ಇಲ್ಲ. ಅದರಲ್ಲಿ ಒಂದೊಂದೇ ಹಾಕಿ. ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಜೂನ್ ಬರುವ ಮೊದಲು ಬದಲಾಯಿಸಿ. ಗೋಡೆಗೆ ತಾಗಿದ ಬೀರು ಬೇಡ. ಬಿಸಿಲಿಗೆ ಹಾಕಿ ಒಣಗಿಸಬೇಡಿ, ಬಣ್ಣ ಹೋಗುತ್ತದೆ.

ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ. ಸೆಲ್ಲೋ ಟೇಪೂ ಬೇಡ.

ಕಾಫಿನಾಡು_ನೋಟು

ಅಕ್ಕ ಹೇಳಿದ್ದು ಚಿನ್ನದಂಥ ಮಾತು. ನಾನು ಚಿಕ್ಕಮಗಳೂರಿನವನು, ಬ್ಯಾಂಕಿನಲ್ಲಿದ್ದು ನಿವೃತ್ತಿಯಾದವನು. ನೋಟೇ ನನ್ನ ವಿಷಯ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನೋಟಿನಲ್ಲಿ ಮೊದಲು ಸಹಿ ನೋಡಿ. ರಿಸರ್ವ್ ಬ್ಯಾಂಕ್ ಶುರುವಾದದ್ದು 1935ರಲ್ಲಿ, ಅದರ ಮೊದಲ ನೋಟು ಹೊರಬಂದದ್ದು 1938ರಲ್ಲಿ. ಆರನೇ ಜಾರ್ಜ್ ಚಿತ್ರದ ನೋಟುಗಳಲ್ಲಿ ಮೊದಲು ಜೇಮ್ಸ್ ಟೇಲರ್ ಸಹಿ, 1943ರ ಮೇಲೆ ಸಿ.ಡಿ. ದೇಶಮುಖ್ ಸಹಿ. ದೇಶಮುಖ್ ಮೊದಲ ಭಾರತೀಯ ಗವರ್ನರ್. ನಿಮ್ಮ ಹತ್ತು ರೂಪಾಯಿಯಲ್ಲಿ ಯಾರ ಸಹಿ ಇದೆ ನೋಡಿ ಬರೆಯಿರಿ.

ದೋಣಿಯ ನೋಟಿನಲ್ಲಿ ಬಿ. ರಾಮರಾವ್ ಸಹಿ ಇದ್ದರೆ ಅದು 1949ರಿಂದ 1957ರ ಒಳಗಿನದ್ದು. ಬೆನಗಲ್ ರಾಮರಾವ್ ರಿಸರ್ವ್ ಬ್ಯಾಂಕಿನಲ್ಲಿ ಅತಿ ಹೆಚ್ಚು ಕಾಲ ಗವರ್ನರ್ ಆಗಿದ್ದವರು. 1954ರಲ್ಲಿ ಬಂದ ಹತ್ತು ಸಾವಿರದ ನೋಟಿಗೂ ಅವರದೇ ಸಹಿ. ಆ ದೊಡ್ಡ ನೋಟುಗಳನ್ನು 1978ರ ಜನವರಿಯಲ್ಲಿ ರದ್ದು ಮಾಡಿದರು.

ಇದಕ್ಕೆ ಪೂರ್ತಿ ಎದುರು ಬಿ.ಎನ್. ಅಡಾರ್ಕರ್. 1970ರಲ್ಲಿ ಸುಮಾರು ಒಂದೂವರೆ ತಿಂಗಳು ಮಾತ್ರ ಗವರ್ನರ್. ಅವರ ಸಹಿ ಗಾಂಧಿ ಶತಮಾನೋತ್ಸವದ ನೋಟುಗಳಲ್ಲಿ ಇದೆ. ಕೂತಿರುವ ಗಾಂಧಿ, ಹಿಂದೆ ಸೇವಾಗ್ರಾಮದ ಕುಟೀರ. ಅದೇ ಚಿತ್ರ, ಅದೇ ಬೆಲೆಯ ನೋಟು, ಆದರೆ ಅಡಾರ್ಕರ್ ಸಹಿ ಇದ್ದರೆ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಎರಡು ರೂಪಾಯಿ ನೋಟಿನಲ್ಲಿ ಗಾಂಧಿ ಇದ್ದರೆ ಮೊದಲು ಅದನ್ನೇ ನೋಡಿ.

ಒಂದು ರೂಪಾಯಿ ನೋಟಿಗೆ ಗವರ್ನರ್ ಸಹಿ ಹುಡುಕಬೇಡಿ. ಅದು ಭಾರತ ಸರ್ಕಾರದ ನೋಟು, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಮೊದಲು ಬಂದದ್ದು 1917ರಲ್ಲಿ. ಯುದ್ಧದಿಂದ ಬೆಳ್ಳಿ ಸಾಲದೆ ಬಂತು, ಹಾಗಾಗಿ ರೂಪಾಯಿ ನಾಣ್ಯದ ಚಿತ್ರವನ್ನೇ ಕಾಗದದ ಮೇಲೆ ಅಚ್ಚು ಹಾಕಿದರು. ಚೆಕ್ ಪುಸ್ತಕದ ಹಾಗೆ 25ರ ಕಟ್ಟು. ಆಗಲೇ ಎರಡು ರೂಪಾಯಿ ಎಂಟಾಣೆ ಅನ್ನುವ ನೋಟೂ ಬಂತು. ಹಿಂದೆ ಮುಂದೆ ಅಂಥ ಬೆಲೆಯ ನೋಟು ಇನ್ನೊಂದಿಲ್ಲ. ಅದು ಟ್ರಂಕಿನಲ್ಲಿ ಸಿಕ್ಕಿದರೆ ಮಾತ್ರ ಆ ದಿನವೇ ನನಗೆ ಹೇಳಿ.

ನೋಟಿನ ಸ್ಥಿತಿ ಎಲ್ಲಕ್ಕಿಂತ ಮುಖ್ಯ. ಒಂದು ಮಡಿಕೆ ಬಿದ್ದರೂ ಬೆಲೆ ಇಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿ, ಪಿನ್ನಿನ ತೂತು ಕಾಣುತ್ತದೆ. 2001ರಲ್ಲಿ ರಿಸರ್ವ್ ಬ್ಯಾಂಕ್ ನಿಲ್ಲಿಸುವವರೆಗೂ ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದೆವು. ಹಾಗಾಗಿ ತೂತಿಲ್ಲದ ಹಳೇ ನೋಟಿಗೆ ಹೆಚ್ಚು ಮರ್ಯಾದೆ. ಇಸ್ತ್ರಿ ಹಾಕಿ ಮಡಿಕೆ ತೆಗೆಯಬೇಡಿ. ಗೊತ್ತಿರುವವರು ಹಿಡಿದ ಕೂಡಲೇ ಕಂಡುಹಿಡಿಯುತ್ತಾರೆ.

ಹಳೇ 500, 1000 ಎಷ್ಟಿವೆ? 2016ರಲ್ಲಿ ರದ್ದಾದ ನೋಟುಗಳ ಬಗ್ಗೆ 2017ರ ಕಾಯ್ದೆ ಇದೆ. ಒಬ್ಬರ ಹತ್ತಿರ 10ಕ್ಕಿಂತ ಹೆಚ್ಚು ಇರಬಾರದು. ಅಧ್ಯಯನ, ಸಂಗ್ರಹಕ್ಕೆ ಅಂತಾದರೆ 25ರವರೆಗೆ ಇಟ್ಟುಕೊಳ್ಳಬಹುದು.

ಬೇಲೂರು_ರಸ್ತೆ

ನಾಲ್ಕೇ ಇವೆ ಸಾರ್. ಜಾರ್ಜ್ ನೋಟಿನಲ್ಲಿ ದೇಶಮುಖ್. ಎರಡು ರೂಪಾಯಿಯಲ್ಲಿ ಗಾಂಧಿ ಇಲ್ಲ, ಹುಲಿ ಇದೆ. ಹರಾಜಿನ ವಿಷಯ ಯಾರಾದರೂ ಹೇಳಿ.

ಹೊಯ್ಸಳ_ಹುಡುಗ_ಬೆಂಗಳೂರು

ನಾನು ಹರಾಜುಗಳಿಗೆ ಹೋಗುತ್ತಿರುತ್ತೇನೆ, ಹೇಳುತ್ತೇನೆ ಅಣ್ಣಾ.

ಬೆಂಗಳೂರಿನಲ್ಲಿ ಮರುಧರ್ ಆರ್ಟ್ಸ್, ಮುಂಬೈಯಲ್ಲಿ ತೋಡಿವಾಲಾ, ಹೀಗೆ ಹೆಸರಿರುವ ಹರಾಜು ಸಂಸ್ಥೆಗಳಿವೆ. ನೀವು ವಸ್ತು ಕೊಟ್ಟಾಗ ಅವರು ನೋಡಿ, ಯಾವುದನ್ನು ತೆಗೆದುಕೊಳ್ಳುತ್ತೇವೆ ಅಂತ ಹೇಳುತ್ತಾರೆ. ಒಂದೊಂದಕ್ಕೂ ಲಾಟ್ ನಂಬರ್, ಅಂದಾಜು ಬೆಲೆ. ಕೆಟಲಾಗ್ ಅಚ್ಚಾಗುತ್ತದೆ. ಕೂಗು ನಿಂತ ಬೆಲೆಯ ಮೇಲೆ ಕೊಳ್ಳುವವರು ಪ್ರೀಮಿಯಂ (ಸಂಸ್ಥೆಗೆ ಕೊಡುವ ಹೆಚ್ಚುವರಿ ಹಣ), ಜಿಎಸ್‌ಟಿ ಕೊಡಬೇಕು. ಮಾರುವವರಿಂದ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಕಮಿಷನ್ ಎಷ್ಟು, ಹರಾಜಾದ ಮೇಲೆ ದುಡ್ಡು ಯಾವಾಗ, ಹೋಗದಿದ್ದರೆ ವಾಪಸ್ ಖರ್ಚು ಯಾರದು, ಈ ಮೂರನ್ನೂ ಬರೆಸಿಕೊಳ್ಳಿ. ಕೊಡುವ ಮೊದಲು ಕನಿಷ್ಠ ಬೆಲೆ ಗೊತ್ತುಮಾಡಿ, ಇಲ್ಲದಿದ್ದರೆ ಮಳೆಯ ದಿನ ನಾಲ್ಕು ಜನ ಬಂದಾಗ ಕಡಿಮೆಗೆ ಹೋಗಿಬಿಡುತ್ತದೆ.

ಅಂತರ್ಜಾಲದಲ್ಲಿ ಯಾರೋ ಕೇಳುತ್ತಿರುವ ಬೆಲೆ ನೋಡಬೇಡಿ. ಹಳೇ ಹರಾಜುಗಳಲ್ಲಿ ನಿಜವಾಗಿ ಮಾರಾಟವಾದ ಬೆಲೆಯ ಪಟ್ಟಿ ಸಿಗುತ್ತದೆ, ಅದನ್ನು ನೋಡಿ. ಅದೂ ನಿಮ್ಮದರಷ್ಟೇ ಸವೆದಿರುವ ನಾಣ್ಯದ್ದು.

ಇನ್ನೊಂದು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಗೆ ಬರುತ್ತದೆ. ವಿದೇಶಕ್ಕೆ ಕಳಿಸುವ ಹಾಗಿಲ್ಲ. ದುಬೈಯಿಂದ ಕೊಳ್ಳುತ್ತೇವೆ, ಕೊರಿಯರ್ ಮಾಡಿ ಅಂದರೆ ಒಪ್ಪಬೇಡಿ.

ನಿಮ್ಮ ಪವನು ಎರಡಕ್ಕೂ ಕೊಂಡಿ ಬೆಸೆದ ಗುರುತು ಇದೆ, ಫೋಟೋದಲ್ಲಿ ಮೇಲಂಚಿನಲ್ಲಿ ಕಾಣುತ್ತಿದೆ. ಹಾಗಾಗಿ ಹರಾಜಿನಲ್ಲಿ ಚಿನ್ನದ ಬೆಲೆಗಿಂತ ಹೆಚ್ಚು ಬರುವುದು ಕಷ್ಟ. ಒಂದು ಮಾತ್ರ ನೋಡಿ, 1918 ಇದ್ದರೆ ಇಸವಿಯ ಮೇಲೆ ಇಂಗ್ಲಿಷಿನ ಸಣ್ಣ ಐ (I) ಅಕ್ಷರ ಇದೆಯಾ ಅಂತ. ಅದು ಮುಂಬೈಯಲ್ಲಿ ಹೊಡೆದ ಪವನು. ಆ ಒಂದೇ ವರ್ಷ ಹೊಡೆದರು.

ತೂತು ಕಾಸು, ಸಾಮಾನ್ಯ ಪೈಸೆಗಳನ್ನು ಹರಾಜಿಗೆ ಒಯ್ಯಬೇಡಿ. ಬಸ್ ಚಾರ್ಜೂ ಹುಟ್ಟುವುದಿಲ್ಲ. ಮಕ್ಕಳಿಗೆ ಕೊಡಿ, ಅವರಿಗೆ ಆಸಕ್ತಿ ಶುರುವಾಗುವುದು ಅಂಥದ್ದರಿಂದಲೇ.

ಅರಸೀಕೆರೆ_ತೆಂಗು

ಅಂದರೆ ಹರಾಜಿಗೆ ಹೋಗಬಹುದಾದದ್ದು 1911ರ ರೂಪಾಯಿ, ಕೆಲವು ಆನೆ ಕಾಸು, ದೇಶಮುಖ್ ನೋಟು. ಅಷ್ಟೇ ತಾನೆ? ಬೇಗ ಮಾರಿ ಮೂರು ಪಾಲು ಮಾಡಿ ಮುಗಿಸಿ. ಇಟ್ಟುಕೊಂಡರೆ ಅಣ್ಣ ತಂಗಿ ಜಗಳವೇ.

ಹಳೇಬೀಡು_ಮೇಷ್ಟ್ರು

ಮಾರುವುದು ತಪ್ಪಲ್ಲ. ಮನೆ ನಡೆಯಬೇಕು. ಆದರೆ ನಾನು ಬೇರೆ ಒಂದು ಕೇಳುತ್ತೇನೆ. ಮೊದಲ ಬರಹದಲ್ಲಿ ಲೆಕ್ಕದ ಪುಸ್ತಕ ಅಂತ ಒಂದು ಮಾತು ಬಂದು ಹೋಯಿತು. ಅದರ ಬಗ್ಗೆ ಯಾರೂ ಕೇಳಲಿಲ್ಲ. ಅದರಲ್ಲಿ ಏನಿದೆ?

ಬೇಲೂರು_ರಸ್ತೆ

ಕೂಲಿ ಲೆಕ್ಕ ಸಾರ್. ಕಾಫಿ ಹಣ್ಣು ಕೊಯ್ದವರ ಹೆಸರು, ಎಷ್ಟು ಆಣೆ, ಎಷ್ಟು ಕಾಸು. ಅಕ್ಕಿಯ ಲೆಕ್ಕವೂ ಇದೆ. ಕೆಲವು ಕಡೆ ಚಿಲ್ಲರೆ ಸಿಗಲಿಲ್ಲ, ಮುಂದಿನ ಸಂತೆಗೆ ಕೊಡುವುದು ಅಂತ ಬರೆದಿದ್ದಾರೆ. ಹಾಳೆ ಪುಡಿ ಆಗುತ್ತಿದೆ, ಬಿಸಾಕೋಣ ಅಂತಿದ್ದೆವು.

ಹಳೇಬೀಡು_ಮೇಷ್ಟ್ರು

ದಯವಿಟ್ಟು ಬಿಸಾಕಬೇಡಿ. ಕೈ ಮುಗಿದು ಕೇಳುತ್ತೇನೆ. ಬೆಳ್ಳಿ ರೂಪಾಯಿ ದೇಶದ ತುಂಬ ಇದೆ, ಆ ಪುಸ್ತಕ ಒಂದೇ ಇರುವುದು. ಸಕಲೇಶಪುರದ ತೋಟದಲ್ಲಿ ಹಣ್ಣು ಕೊಯ್ದವರ ಕೈಗೆ ಯಾವ ಕಾಸು ಬಿತ್ತು, ಚಿಲ್ಲರೆ ಇಲ್ಲದಾಗ ಯಾರು ಕಾದರು ಅನ್ನುವುದು ಯಾವ ಕೆಟಲಾಗಿನಲ್ಲೂ ಇಲ್ಲ. ಯುದ್ಧದ ವರ್ಷಗಳಲ್ಲಿ ಚಿಲ್ಲರೆ, ತಾಮ್ರ ಎರಡೂ ಸಾಲದೆ 1943ರಲ್ಲಿ ತೂತು ಕಾಸು ಬಂತು. ನಿಮ್ಮ ತಾತ ಬರೆದ ಆ ಸಾಲು ಆ ವರ್ಷಗಳದ್ದೇ ಇರಬಹುದು, ಹಾಳೆಯ ತಾರೀಕು ನೋಡಿ.

ಹಾಳೆ ಬಿಡಿಸಲು ಬಲ ಹಾಕಬೇಡಿ. ಒಂದೊಂದು ಪುಟವನ್ನೂ ಹಗಲು ಬೆಳಕಿನಲ್ಲಿ ಫೋಟೋ ತೆಗೆಯಿರಿ. ಯಾವ ನೋಟು ಯಾವ ಪುಟದಲ್ಲಿತ್ತು ಅದನ್ನೂ ಬರೆದಿಡಿ.

ಕಾಫಿನಾಡು_ನೋಟು

ಮೇಷ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ನೋಟುಗಳು ಆ ಪುಸ್ತಕದ ಜೊತೆ ಇದ್ದರೆ ಅದಕ್ಕೆ ಬೇರೆಯೇ ತೂಕ. ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಸ್ಥಾಪಕರ ಹಳೇ ಮನೆಯಲ್ಲಿ ನಾಣ್ಯ ಸಂಗ್ರಹಾಲಯ ಇದೆ. ಒಂದು ಸಲ ಅಣ್ಣ ತಂಗಿ ಎಲ್ಲರೂ ಹೋಗಿ ನೋಡಿ ಬನ್ನಿ. ಇಂಥದ್ದನ್ನು ಹೇಗೆ ಜೋಡಿಸಿ ಇಡುತ್ತಾರೆ ಅಂತ ಗೊತ್ತಾಗುತ್ತದೆ.

ಬೇಲೂರು_ರಸ್ತೆ

ಮನೆಯಲ್ಲಿ ಮಾತಾಡಿದೆವು. ಪವನು ಒಂದೊಂದು ತಂಗಿಯರಿಗೆ. 1911ರ ರೂಪಾಯಿ, ಬೇರೆ ಟಂಕಸಾಲೆಯ ಆನೆ ಕಾಸು ಇದ್ದರೆ ಅವು, ಹರಾಜಿಗೆ ತೋರಿಸುತ್ತೇವೆ. ಮಯಿಲಿ ಕಾಸು, ನೋಟು, ಲೆಕ್ಕದ ಪುಸ್ತಕ ಮಾರುವುದಿಲ್ಲ, ಒಟ್ಟಿಗೆ ಇಡುತ್ತೇವೆ. ದೊಡ್ಡ ತಂಗಿ ಪುಸ್ತಕದ ಫೋಟೋ ತೆಗೆಯಲು ಶುರು ಮಾಡಿದ್ದಾಳೆ. ಪಟ್ಟಿಯಲ್ಲಿ ಏನೇನು ಬರೆಯಬೇಕು ಹೇಳಿ ಸಾರ್.

ಮೂಡಿಗೆರೆ_ಮಳೆ

ಪ್ರತಿ ನಾಣ್ಯಕ್ಕೆ ಒಂದು ನಂಬರ್. ಎರಡೂ ಮುಖದ ಫೋಟೋ, ತೂಕ ಗ್ರಾಂನಲ್ಲಿ ಎರಡು ದಶಾಂಶದವರೆಗೆ, ಅಡ್ಡಗಲ ಮಿಲಿಮೀಟರಿನಲ್ಲಿ, ಇಸವಿ, ಓದಲು ಬಂದ ಅಕ್ಷರ ಇದ್ದ ಹಾಗೆ. ಅಯಸ್ಕಾಂತಕ್ಕೆ ಅಂಟಿತಾ ಇಲ್ಲವಾ. ಬೆಳ್ಳಿ ರೂಪಾಯಿ ಅಂಟಿದರೆ ನಕಲಿ, 1947ರ ನಿಕ್ಕಲ್ ರೂಪಾಯಿ ಮಾತ್ರ ಅಂಟುತ್ತದೆ. ತೂಗಲಿಕ್ಕೆ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಟಿಪ್ಪು ಕಾಸಿನ ಪರ್ಷಿಯನ್ ಬದಿಯ ಫೋಟೋ ಮಾತ್ರ ಪಕ್ಕದಿಂದ ಬೆಳಕು ಬಿಟ್ಟು ತೆಗೆಯಿರಿ, ಅಕ್ಷರ ಎದ್ದು ಕಾಣುತ್ತದೆ. ಇಲ್ಲಿ ಹಾಕಿ, ಟಂಕಸಾಲೆ ಯಾವುದು ಅಂತ ನಾನೂ ಮೇಷ್ಟ್ರೂ ಓದಿ ಹೇಳುತ್ತೇವೆ.